ಕುಪ್ಪಂ ಕಡೆಯವರು

"ಯಾವೂರಮ್ಮ ನಿಂದು? ಎಲ್ಲಿಂದ ಬಂದಿದ್ದೀಯ?"

ಕಾನ್‌ಸ್ಟೇಬಲ್ ಮುನೇಶ್ ಮತ್ತೆ ಕೇಳಿದ. ಹಿತ್ತಿಲ ಬಾಡಿಗೆ ಕೋಣೆಯ ಬಾಗಿಲಲ್ಲಿ ಮಗುವನ್ನು ಸೊಂಟಕ್ಕೇರಿಸಿಕೊಂಡು ನಿಂತಿದ್ದ ಮೊಮೆನಾ ಪಾಠ ಒಪ್ಪಿಸುವವಳಂತೆ ತೆಲುಗಿನಲ್ಲಿ ಹೇಳಿದಳು: "ಮಾದಿ ಕುಪ್ಪಂ, ಸಾರ್."

ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತಿದ್ದ ಮನೆಯೊಡತಿ ಶ್ಯಾಮಲಮ್ಮನಿಗೆ ಬೇಡ ಕಣೇ, ಇವರ ಹತ್ತಿರ ಬೇಡ ಎಂದು ಕೂಗಬೇಕೆನಿಸಿತು. ಮಾತು ಆಗಲೇ ಆಡಿಯಾಗಿತ್ತು.

"ಕುಪ್ಪಂಲೋ ಏ ಊರು?" ಮುನೇಶನೂ ತೆಲುಗಿಗೇ ಇಳಿದ. ಯಲ್ದೂರಿನವನು, ಮನೆಯಲ್ಲಿ ಅವನದೂ ಅದೇ ಮಾತು. ಅಲ್ಲಿಂದಾಚೆಗೆ ಮೊಮೆನಾಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಹೇಳಿಕೊಟ್ಟವಳು ಶ್ಯಾಮಲಮ್ಮನೇ. ಹೋದ ವರ್ಷ ಗಂಡ ಹೆಂಡತಿ ಮನೆ ಹುಡುಕಿಕೊಂಡು ಮಾಲೂರಿನ ಈ ಬೀದಿಗೆ ಬಂದಾಗ ಮೊಮೆನಾ ತುಂಬು ಬಸುರಿ. ಗಂಡ ಜಹಿದುಲ್‌ಗೆ ಇಟ್ಟಿಗೆ ಗೂಡಿನಲ್ಲಿ ಕೆಲಸ. ಬಂಗಾಳಿ ಎಂದ ಕೂಡಲೇ ಬೀದಿಯವರ ಕಿವಿಗೆ ಬಾಂಗ್ಲಾ ಎಂದೇ ಕೇಳಿಸುತ್ತಿತ್ತು. ಎಲ್ಲರೂ ಫೋನಿನಲ್ಲಿ ವಿಡಿಯೋ ನೋಡಿ ಪಂಡಿತರಾಗಿದ್ದರು. ಎದುರು ಮನೆಯ ಭಾರತಮ್ಮ ಬಾಗಿಲನ್ನೇ ತೆರೆದಿರಲಿಲ್ಲ. ಶ್ಯಾಮಲಮ್ಮನಿಗೆ ಮಾತ್ರ ಆ ಹೊಟ್ಟೆ ನೋಡಿ ತಡೆಯಲಾಗಲಿಲ್ಲ, ಕೋಣೆ ಕೊಟ್ಟಳು. "ಯಾರಾದ್ರೂ ಕೇಳಿದ್ರೆ ಆಂಧ್ರದ ಕುಪ್ಪಂ ಕಡೆಯವರು ಅನ್ನು. ಇಲ್ಲಿ ಅರ್ಧ ಬೀದಿ ತೆಲುಗೇ ಮಾತಾಡೋದು, ಯಾರು ತಲೆ ಕೆಡಿಸ್ಕೋತಾರೆ?" ಎಂದು ಬಟ್ಟೆ ಒಣಹಾಕುತ್ತ ನಾಲ್ಕು ಮಾತು ಕಲಿಸಿದಳು. ಹುಡುಗಿ ಚುರುಕು. ಹಾಲಿನವಳು ಪೂರಾ ನಂಬಿಬಿಟ್ಟಾಗ ಇಬ್ಬರೂ ಕೋಣೆಯೊಳಗೆ ಹೋಗಿ ಬಿದ್ದು ಬಿದ್ದು ನಕ್ಕಿದ್ದರು.

ಈಗ ಯಾರಿಗೂ ನಗು ಬರುವಂತಿರಲಿಲ್ಲ.

"ಇವಳ ಗಂಡನ್ನ ಬೆಳಿಗ್ಗೆ ಗೂಡಿಂದ್ಲೇ ಕರ್ಕೊಂಡು ಬಂದಿದ್ದೀವಿ," ಮುನೇಶ್ ಶ್ಯಾಮಲಮ್ಮನ ಗಂಡ ಗಂಗಾಧರನ ಕಡೆ ತಿರುಗಿದ. "ಅವನು ಬಂಗಾಳ, ಕೂಚ್ ಬೆಹಾರ್ ಅಂತಾನೆ. ಆಧಾರ್‌ನಲ್ಲೂ ಅದೇ ಇದೆ. ಇವಳು ನೋಡಿದ್ರೆ ಕುಪ್ಪಂ ಅಂತಾಳೆ. ಕಾರ್ಡು ಅಸಲಿ ಆಗಿದ್ರೆ ಸುಳ್ಳು ಯಾಕೆ ಹೇಳ್ಬೇಕು? ಬಾಂಗ್ಲಾದವರೇ ಇರ್ಬೇಕು. ಇಬ್ರನ್ನೂ ಬೆಂಗಳೂರಿಗೆ ಕಳಿಸ್ತಾರೆ. ಅಲ್ಲಿಂದಾಚೆ ಎಲ್ಲಿಗೋ, ನಮ್ಗೂ ಗೊತ್ತಿಲ್ಲ."

ಮೊಮೆನಾಗೆ ಎಷ್ಟು ಅರ್ಥವಾಯಿತೋ, ಬೆಂಗಳೂರು ಎಂಬುದು ಕೇಳಿಸಿ ಮಗುವನ್ನು ಬಿಗಿಯಾಗಿ ಹಿಡಿದುಕೊಂಡಳು.

"ಕುಪ್ಪಂ ಅಂತ ಹೇಳು ಅಂದೋರು ಯಾರು? ಏಜೆಂಟಾ?"

ಮೊಮೆನಾ ಒಂದೇ ಸಲ ಶ್ಯಾಮಲಮ್ಮನ ಕಡೆ ನೋಡಿದಳು. ಆಮೇಲೆ ನೆಲ ನೋಡಿದಳು. "ಯಾರೂ ಇಲ್ಲ ಸಾರ್."

"ನಮಗೂ ಹಂಗೇ ಹೇಳಿ ಮನೆ ತಗೊಂಡ್ರು," ಗಂಗಾಧರ ತಟ್ಟನೆ ಹೇಳಿದ. ಹೆಂಡತಿಯ ಮುಖ ಮಾತ್ರ ನೋಡಲಿಲ್ಲ. "ಮೋಸ ಹೋದ್ವಿ ಸಾರ್."

ಮುನೇಶನಿಗೂ ಹಗುರಾಯಿತು. ಗೊತ್ತಿದ್ದವರ ಮೇಲೆ ಕೇಸು ಹಾಕುವುದು ಅವನಿಗೇನೂ ಇಷ್ಟವಿರಲಿಲ್ಲ. "ಮನೆ ಖಾತೆ ಅಕ್ಕನ ಹೆಸರಲ್ಲಿದೆ ಅಲ್ವಾ? ಬಾಡಿಗೆಯವರ ವಿವರ ಸ್ಟೇಷನ್‌ಗೆ ಕೊಡದೇ ಇದ್ದಿದ್ದು ತಪ್ಪೇ. ಆದ್ರೂ ಅವ್ರೇ ಸುಳ್ಳು ಹೇಳಿ ಸೇರ್ಕೊಂಡ್ರು ಅಂತ ಅಕ್ಕ ಒಂದು ಸೈನ್ ಹಾಕ್ಲಿ, ನಿಮ್ಮನ್ನ ಯಾರೂ ಕೇಳಲ್ಲ."

ಮೋಟಾರ್‌ಬೈಕಿನ ಸೀಟಿನ ಮೇಲೆ ಹಾಳೆಯಿಟ್ಟು ಎರಡು ಸಾಲು ಬರೆದು ಪೆನ್ನು ಚಾಚಿದ. ಶ್ಯಾಮಲಮ್ಮ ಒದ್ದೆ ಕೈ ಸೆರಗಿಗೆ ಒರೆಸಿಕೊಂಡಳು. ಭಯವಾಗಿತ್ತು, ನಿಜವಾಗಿಯೂ ಭಯವಾಗಿತ್ತು. ಪೊಲೀಸ್ ಸ್ಟೇಷನ್ನಿನ ಮೆಟ್ಟಿಲು ಹತ್ತಿದವಳಲ್ಲ ಅವಳು. ಪೆನ್ನು ತೆಗೆದುಕೊಂಡಳು. ಮೊಮೆನಾ ತಲೆ ಎತ್ತಲೇ ಇಲ್ಲ. ದೂರುವ ಒಂದು ನೋಟವಾದರೂ ಬಂದಿದ್ದರೆ ಸೈನ್ ಹಾಕುವುದು ಸುಲಭವಾಗುತ್ತಿತ್ತೇನೋ.

"ನಾನೇ ಹೇಳ್ಕೊಟ್ಟಿದ್ದು ಕಣೋ ಮುನೇಶ," ಎಂದಳು.

"ಲೇ!" ಗಂಗಾಧರ ಕೂಗಿದ. "ತಲೆ ಕೆಟ್ಟಿದ್ಯೇನೇ ನಿಂಗೆ?"

"ಅವರು ಬಂದ ದಿನಾನೇ ಕೂಚ್ ಬೆಹಾರ್ ಅಂತ ಸರಿಯಾಗೇ ಹೇಳಿದ್ರು. ಕಾರ್ಡೂ ತೋರಿಸಿದ್ರು. ಬೀದಿಯವರ ಬಾಯಿಗೆ ಹೆದರಿ ಕುಪ್ಪಂ ಅನ್ನು ಅಂದವಳು ನಾನು. ಅವಳೇನು ಕಂಡ್ಳು ಕುಪ್ಪಂನ?"

"ಅಕ್ಕ, ಯೋಚ್ನೆ ಮಾಡಿ ಮಾತಾಡಿ," ಮುನೇಶ್ ದನಿ ತಗ್ಗಿಸಿದ. "ಇದನ್ನ ಬರ್ಕೊಂಡ್ರೆ ಕೇಸು ನಿಮ್ಮ ಮೇಲೂ ಬರುತ್ತೆ. ಬರ್ಕೊಂಡ್ರೂ ಇವ್ರನ್ನ ಬಿಟ್ಬಿಡ್ತಾರೆ ಅಂತ ಹೇಳಕ್ಕಾಗಲ್ಲ."

"ಬರ್ಕೋ."

ಪೆನ್ನು ವಾಪಸು ಕೊಟ್ಟಳು. ಮುನೇಶ್ ಬರೆದಿದ್ದ ಹಾಳೆಯನ್ನು ಹರಿದು ಜೇಬಿಗೆ ತುರುಕಿಕೊಂಡ. "ಹಂಗಾದ್ರೆ ನೀವೂ ಸ್ಟೇಷನ್‌ಗೆ ಬಂದೇ ಹೇಳ್ಬೇಕು ಅಕ್ಕ," ಎಂದು, ಜೀಪು ಕಳಿಸಲು ಠಾಣೆಗೆ ಫೋನ್ ಮಾಡಿದ. ಗಂಗಾಧರ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಸೀರೆ ಬದಲಾಯಿಸಲು ಶ್ಯಾಮಲಮ್ಮ ಕದ ತಟ್ಟಬೇಕಿತ್ತು, ತಟ್ಟಲಿಲ್ಲ.

ಠಾಣೆಗೆ ಹೊರಟ ಜೀಪು ರೈಲ್ವೆ ಗೇಟಿನ ಹತ್ತಿರ ನಿಂತಿತು. ಗೇಟು ಹಾಕಿತ್ತು. ಆಟೋದವರು, ಸ್ಕೂಟರಿನವರು ಬಗ್ಗಿ ಬಗ್ಗಿ ಒಳಗೆ ನೋಡುತ್ತಿದ್ದರು. ಮೊಮೆನಾ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. ಅವಳ ತೋಳು ಸೋತಿದ್ದರಿಂದ ಮಗು ಶ್ಯಾಮಲಮ್ಮನ ತೊಡೆಯ ಮೇಲಿತ್ತು.

"ಶ್ಯಾಮಲಕ್ಕ ಅಲ್ವಾ ಅದು?" ಹೊರಗಿನಿಂದ ಯಾರೋ ಅಂದರು.

ರೈಲು ಬಂತು. ಶ್ಯಾಮಲಮ್ಮ ಮಗುವನ್ನು ಎತ್ತಿ ಜೀಪಿನ ಕಂಬಿಯ ಬಳಿ ನಿಲ್ಲಿಸಿ, ಕೊನೆಯ ಡಬ್ಬಿ ದಾಟುವವರೆಗೂ ಅದಕ್ಕೆ ರೈಲು ತೋರಿಸುತ್ತಿದ್ದಳು.