ಅಕ್ಕನ ಲಿವರ್

ಹೊಲಿಗೆ ಯಂತ್ರದ ಮುಂದೆ ಕೂತೇ ವರ್ಷಗಳನ್ನು ಕಳೆದ ಅಕ್ಕನ ಲಿವರಿನಲ್ಲಿ ಕೊಬ್ಬು ತುಂಬಿತ್ತು. ತಮ್ಮನ ಲಿವರ್ ಕುಡಿತದಿಂದ ಕೆಟ್ಟು ಹೋಗಿತ್ತು. ಅವಳದರಲ್ಲಿ ಒಂದು ಭಾಗ ತೆಗೆದು ಅವನಿಗೆ ಜೋಡಿಸಬಹುದು, ಆದರೆ ಮೊದಲು ಆ ಕೊಬ್ಬು ಕರಗಬೇಕು ಎಂದರು ಡಾಕ್ಟರಮ್ಮ. ಔಷಧಿ ಬರೆಯಲಿಲ್ಲ. ದಿನಾ ಬೆವರು ಬರುವಷ್ಟು ಬಿರುಸಾಗಿ ನಡೆಯಿರಿ, ಎಣ್ಣೆ, ಸಕ್ಕರೆ ಬಿಡಿ, ಮೂರು ತಿಂಗಳಾದ ಮೇಲೆ ಬನ್ನಿ, ಅಷ್ಟೆ. ತಮ್ಮನಿಗೆ ಹಾಕಿದ ಷರತ್ತು ಒಂದೇ: ಒಂದು ತೊಟ್ಟೂ ಕುಡಿಯಬಾರದು.

ಅಕ್ಕ ನಡೆದಳು. ಮೊದಮೊದಲು ತೊಡೆ ಉಜ್ಜಿ ಚರ್ಮ ಸುಲಿಯಿತು. ಕಂಕುಳ ವಾಸನೆ ಅವಳಿಗೇ ಹೇಸಿಗೆಯಾಗುತ್ತಿತ್ತು. ಎರಡನೇ ತಿಂಗಳಿಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿರಲಿಲ್ಲ. ಮಲಗಿದರೆ ಬೆಳಗಿನವರೆಗೂ ನಿದ್ದೆ. ಸಡಿಲವಾದ ಬಟ್ಟೆಗಳ ಹೊಲಿಗೆ ಬಿಚ್ಚಿ ಮತ್ತೆ ಹೊಲಿದುಕೊಂಡಳು.

ತಮ್ಮ ಸೋಫಾದಲ್ಲಿ ಬಿದ್ದುಕೊಂಡಿರುತ್ತಿದ್ದ. ನಲವತ್ತಾದರೂ ಅಮ್ಮನಿಗೆ ಅವನು ಪುಟ್ಟನೇ. ನೀರು ತುಂಬಿದ ಹೊಟ್ಟೆ, ಹಳದಿ ಕಣ್ಣು, ಕೆರೆದು ಕೆರೆದು ಗಾಯವಾದ ಮೊಣಕಾಲು. ಕೆರೆದ ಉಗುರಿನಲ್ಲೇ ಹಲ್ಲು ಚುಚ್ಚಿಕೊಳ್ಳುತ್ತಿದ್ದ.

"ಏನಕ್ಕ, ನನ್ನ ಲಿವರಿಗೆ ವಾಕಿಂಗ್ ಆಯ್ತಾ?" ಎನ್ನುತ್ತಿದ್ದ. "ಜೋಪಾನ ಕಣಕ್ಕ, ಅದು ನನ್ನ ಮಾಲು."

"ಬಾಯಿಗೆ ಬಂದಂಗೆ ಮಾತಾಡ್ಬೇಡ."

"ಕಾಯಿಲೆ ಮನುಷ್ಯ, ಒಂದು ತಮಾಷೆ ಮಾಡೋಕೂ ಬಿಡಲ್ವಲ್ಲೇ ನೀನು," ಎಂದು ಅಮ್ಮ ಅವನ ಪರ ವಹಿಸುತ್ತಿದ್ದಳು.

ಮೂರು ತಿಂಗಳು ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ, ನಡಿಗೆಯ ನಡುವೆ, ಅಕ್ಕ ತನ್ನ ಸ್ಟೀಲ್ ಬಾಟಲಿ ಎತ್ತಿ ಗಟಗಟ ಕುಡಿದಳು. ಗಂಟಲು ಉರಿಯಿತು. ಚರಂಡಿಗೆ ಬಗ್ಗಿ ಉಗಿದಳು, ಹೊಟ್ಟೆಯಲ್ಲಿದ್ದದ್ದೂ ಬಂತು. ಹಿಂದಿನ ಸಂಜೆ ಅವಳೇ ನೀರು ತುಂಬಿಟ್ಟ ಬಾಟಲಿ ಅದು. ರಾತ್ರಿ ತಮ್ಮ ನೀರು ಚೆಲ್ಲಿ ಹೆಂಡ ತುಂಬಿಕೊಂಡಿದ್ದ, ಕುಡಿದು ಉಳಿದದ್ದನ್ನು ಚೆಲ್ಲಿ ತೊಳೆದಿಡಲು ಮರೆತಿದ್ದ. ಹೆಂಡ ಬಚ್ಚಿಟ್ಟಿದ್ದಾನೇನೋ ಎಂದು ಮನೆಯ ಮೂಲೆಮೂಲೆ ತಡಕುವ ಅಮ್ಮ ಅದೊಂದನ್ನು ಮೂಸಿ ನೋಡುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಬಾಟಲಿಯ ಅಂಚಿನಲ್ಲಿ ಜೊಲ್ಲು ಒಣಗಿತ್ತು. ಅವಳಿಗೆ ಮತ್ತೊಮ್ಮೆ ಓಕರಿಕೆ ಬಂತು. ಬೀದಿ ನಲ್ಲಿಯಲ್ಲಿ ಬಾಯಿ ತೊಳೆದು, ಉಳಿದ ದಾರಿಯನ್ನೂ ನಡೆದಳು. ಮನೆಯಲ್ಲಿ ಏನೂ ಹೇಳಲಿಲ್ಲ.

ಮರುದಿನ ಆಸ್ಪತ್ರೆ. ಕೊಡುವವರನ್ನು ಒಬ್ಬರನ್ನೇ ಕೂರಿಸಿ ಕೊನೆಯ ಸಲ ಕೇಳುವುದು ಅಲ್ಲಿನ ಪದ್ಧತಿ. ಅಮ್ಮ ಮತ್ತು ತಮ್ಮ ಹೊರಗಿನ ಬೆಂಚಿನಲ್ಲಿದ್ದರು.

"ಕೊಬ್ಬು ಕರಗಿದೆ. ಬಿಪಿನೂ ಇಳಿದಿದೆ," ಎಂದರು ಡಾಕ್ಟರಮ್ಮ. "ಈಗ ಹೇಳಿ, ಕೊಡೋ ಮನಸ್ಸಿದೆಯಾ?"

"ಇಲ್ಲ. ನೆನೆಸಿಕೊಂಡ್ರೇ ಅಸಹ್ಯ ಆಗುತ್ತೆ."

"ಕಾರಣ ಕೇಳಲ್ಲ. ನಿಮ್ಮ ಲಿವರ್ ಹೊಂದಲ್ಲ ಅಂತ ಹೊರಗೆ ಹೇಳಿಬಿಡ್ತೀವಿ. ಮನೇಲಿ ಯಾರೂ ನಿಮ್ಮನ್ನ ಅನ್ನಲ್ಲ."

"ಬೇಡ ಮೇಡಂ. ಬೆವರು ಸುರಿಸಿ ಸರಿ ಮಾಡ್ಕೊಂಡಿದೀನಿ. ಅದರ ಹೆಸರು ಕೆಡಿಸ್ಬೇಡಿ. ನಾನೇ ಹೇಳ್ತೀನಿ."

ಬಾಗಿಲು ತೆರೆದ ಕೂಡಲೇ ಅಮ್ಮ ಎದ್ದು ನಿಂತಳು. "ಏನಂದ್ರೇ?"

"ಲಿವರ್ ಚೆನ್ನಾಗಿದೆಯಂತೆ. ಕೊಡಲ್ಲ ಅಂದೆ."

"ಹೆತ್ತ ಹೊಟ್ಟೆಗೆ ಬೆಂಕಿ ಇಡ್ತೀಯಾ? ಯಾಕೇ?"

"ನನ್ನನ್ಯಾಕೆ ಕೇಳ್ತೀಯ. ಅವನ ಹತ್ರ ನಿಂತ್ಕೊಂಡು ಅವನನ್ನೇ ಕೇಳು."

ಅಮ್ಮ ಮಗನ ಮುಖದ ಹತ್ತಿರ ಬಗ್ಗಿದಳು. ಏನೋ ಹೇಳಲು ಬಾಯಿ ತೆರೆದವನು ಅಂಗೈ ಅಡ್ಡ ಹಿಡಿದುಕೊಂಡ.