ಸ್ಥಳೀಯ ಕುಟುಂಬಗಳಿಗೆ ಮಾತ್ರ

ಇನ್ನೊಮ್ಮೆ ಕೈಮುಗಿದು ಕೇಳಲೇ, ಇಲ್ಲ ಇಲ್ಲಿಂದಲೇ ತಿರುಗಿ ನಡೆದುಬಿಡಲೇ? ತಿರುಗಿದರೆ ಇವಳು ಮೀನು ನೋಡುವುದಾದರೂ ಯಾವಾಗ? ಹಾಶಿಮ ಮಗಳ ಬೆರಳುಗಳನ್ನು ಬಿಗಿಯಾಗಿ ಹಿಡಿದುಕೊಂಡ. ಒಂಬತ್ತು ವರ್ಷದ ಗುಲಾಫಶಾಗೆ ಈಗ ನೇರ ಎದುರಿಗಿದ್ದದ್ದಷ್ಟೇ ಕಾಣುತ್ತಿತ್ತು, ಅಕ್ಕಪಕ್ಕವೆಲ್ಲ ಕತ್ತಲೆ. ವರ್ಷದೊಳಗೆ ಅದೂ ಹೋಗುತ್ತದೆ, ತೋರಿಸುವುದೇನಿದ್ದರೂ ಈಗಲೇ ತೋರಿಸಿಬಿಡಿ ಎಂದಿದ್ದರು ಡಾಕ್ಟರು. ಅವಳು ಕೇಳಿದ್ದು ಒಂದೇ, ಬಣ್ಣದ ಮೀನು.

ಮತ್ಸ್ಯಾಲಯ ನಾಳೆಯಿಂದ ದುರಸ್ತಿಗೆಂದು ಎರಡು ವರ್ಷ ಮುಚ್ಚುತ್ತಿತ್ತು. ಕೊನೆಯ ದಿನವಾದ್ದರಿಂದ ಇವತ್ತು ಟಿಕೆಟ್ಟೇ ಇಲ್ಲ. ಮುಂಬೈ ವಿಳಾಸದ ಕುಟುಂಬಗಳಿಗೆ ಮಾತ್ರ ಪುಕ್ಕಟೆ ಪ್ರವೇಶ.

"ಬಾಯೀಸ್ ಸಾಲ್ ಸೇ ಧಾರಾವಿ ಮೇ, ಔರ್ ಕಾರ್ಡ್ ಇಂಡಿ ಕಾ?" ವಾಚ್‌ಮನ್ ಆಧಾರ್ ಕಾರ್ಡನ್ನು ಹಿಂದಕ್ಕೆ ಚಾಚಿದ. "ಮೆಹಮಾನ್ ಹೋ ಕ್ಯಾ, ಚಾಚಾ?"

ಇಪ್ಪತ್ತೆರಡು ವರ್ಷ ಧಾರಾವಿಯಲ್ಲಿದ್ದೂ ನೆಂಟ! ಸಾಲಿನಲ್ಲಿ ಯಾರೋ ನಕ್ಕರು.

ವಿಳಾಸ ಬದಲಿಸು ಎಂದು ಹೆಂಡತಿ ಬೀಬೀಜಾನ ಎಷ್ಟು ಸಲ ಹೇಳಿರಲಿಲ್ಲ! ಕಾರ್ಡಿನಲ್ಲಿ ಹುಟ್ಟೂರು ಇಂಡಿಯ ಹೆಸರು ಕಳೆದುಕೊಂಡರೆ ಸತ್ತಮೇಲೆ ಅಪ್ಪನ ಗೋರಿಯ ಪಕ್ಕ ಜಾಗ ಕೊಡಲಾರರೆಂಬ ಹೆದರಿಕೆ ಅವನಿಗೆ. ಇಲ್ಲೇ ಹುಟ್ಟಿದ ಮಗಳ ಕಾರ್ಡಿಗೂ ಇಂಡಿಯ ವಿಳಾಸವನ್ನೇ ಬರೆಸಿದ್ದ.

"ನಡಿ ಬೇಟಾ, ಹೋಗೂಣು" ಎಂದದ್ದು ಹಿಂದೆ ನಿಂತಿದ್ದ ಹೆಂಗಸಿನ ಕಿವಿಗೆ ಬಿತ್ತು.

"ಕನ್ನಡದೋರಾ?" ಎನ್ನುತ್ತ ಹತ್ತಿರ ಬಂದರು. ಆಂಟಾಪ್ ಹಿಲ್‌ನ ಸುಬ್ಬಲಕ್ಷ್ಮಿ. ಮಗುವಿನ ಕಣ್ಣಿನ ಕಥೆ ಕೇಳಿ ದನಿ ತಗ್ಗಿಸಿದರು. "ನಮ್ ಮಗಳು ಸಂಹಿತಾನೂ ಇವಳಷ್ಟೇ ದೊಡ್ಡೋಳು, ಜ್ವರ ಬಂದು ಮನೇಲಿದಾಳೆ. ರೇಷನ್ ಕಾರ್ಡ್‌ನಲ್ಲಿ ಅವಳ ಹೆಸರಿದೆ. ಆ ಕಡೆ ಗೇಟಲ್ಲಿ ಬೇರೆಯವನು ಕೂತಿದಾನೆ. ಇವಳನ್ನ ನನ್ ಜೊತೆ ಕಳಿಸಿ. ನೀವು ಮಾತ್ರ ದೂರ ನಿಂತ್ಕೊಳ್ಳಿ."

ಹಾಶಿಮ ಮಗಳ ತಲೆಯ ಮೇಲಿನ ಓಢಣಿ ತೆಗೆದು ಜೇಬಿಗೆ ತುರುಕಿಕೊಂಡ. "ಒಳಗ ನಿನ್ನ ಹೆಸರು ಸಂಹಿತಾ. ಕರದ್ರ ಹೂಂ ಅನ್ನು."

ದೂರ ನಿಲ್ಲಲು ಕಾಲು ಕೇಳಲಿಲ್ಲ. ಎರಡನೆಯ ಗೇಟಿನ ತನಕ ಹಿಂದೆಯೇ ಹೋದ. ಅಲ್ಲಿನವನು ಕಾರ್ಡಿನಿಂದ ಕಣ್ಣೆತ್ತಿ, ಮಗು ನಿನ್ನದೇ ಎಂಬಂತೆ ಹಾಶಿಮನನ್ನು ನೋಡಿದ.

"ಬಚ್ಚಿ ಆಪ್ಕೀ ಹೈ?"

"ನಹೀ" ಎಂದ ಹಾಶಿಮ.

ಗುಲಾಫಶಾ ದನಿ ಬಂದ ಕಡೆಗೆ ಕತ್ತು ಹೊರಳಿಸಿ ಹುಡುಕಿದಳು. ಸಿಗುವಷ್ಟರಲ್ಲಿ ಸುಬ್ಬಲಕ್ಷ್ಮಿ ಒಳಕ್ಕೆ ಕರೆದೊಯ್ದರು.

ಮುಕ್ಕಾಲು ಗಂಟೆಯ ಮೇಲೆ ಹೊರಬಂದಳು. ಲೋಕಲ್ ರೈಲಿನಲ್ಲಿ ಹಳದಿ ಪಟ್ಟೆಯ ಮೀನು, ಮರಳಿನಲ್ಲಿ ಅಡಗುವ ಚಪ್ಪಟೆ ಮೀನು ಎಂದು ಒಂದೇ ಸಮನೆ ಹೇಳಿದಳು. ದಾದರ್ ಬರುವಷ್ಟರಲ್ಲಿ ಅವನ ತೋಳು ಜಗ್ಗಿದಳು.

"ಅಬ್ಬಾ, ನೀವು ನಹೀ ಅಂದ್ರಿ. ನನಗ ಕಣ್ಣ ಕಾಣಂಗಿಲ್ಲಂತನಾ?"

"ಹುಚ್ಚಿ" ಎಂದ. ಜೇಬಿನಿಂದ ಓಢಣಿ ತೆಗೆದು, ಸುಕ್ಕು ಬಿಡಿಸಿ, ಅವಳ ತಲೆಗೆ ಹೊದಿಸಿದ.

ನಿನ್ನ ಕಣ್ಣಿನ ದೆಸೆಯಿಂದಲ್ಲ, ನನ್ನ ಗೋರಿಯ ಆಸೆಯಿಂದ ಹಾಗೆ ಹೇಳಬೇಕಾಯಿತು ಎಂದು ಹಾಶಿಮ ಅವಳಿಗೆ ಎಂದೂ ಹೇಳಲಿಲ್ಲ.