ಅಕ್ಕ ಬೆರೆಸಿದ ಪೆಟ್ರೋಲು

ಅನುಪಮಾ ಆಯಿಲಿನ ಅಳತೆ ಲೋಟಕ್ಕೆ ನೀರು ಹೊಯ್ದು, ಗೆರೆಗೆ ಕಣ್ಣು ಸಮ ಮಾಡಿ ನೋಡಿದಳು. ಚೆಲ್ಲಿದಳು. ಮತ್ತೆ ಹೊಯ್ದಳು.

"ಇಷ್ಟೇ ಕಣೋ ಹಾಕಿದ್ದು. ಯಾವಾಗ್ಲೂ ಇಷ್ಟೇ ಹಾಕೋದು."

ತಮ್ಮ ಚಂದ್ರಮೌಳಿ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ. ಬೇರೆ ದಿನವಾಗಿದ್ದರೆ ಭಾವನ ದನಿ ತೆಗೆದು "ಅನೂ, ಕಾಫಿ" ಎಂದು ಅವಳನ್ನು ಬೆಚ್ಚಿಬೀಳಿಸುತ್ತಿದ್ದ. ಊರಲ್ಲಿ ಅವನ ಬಾಯಿಗೆ ಸಿಗದ ದನಿಯಿರಲಿಲ್ಲ. ಇವತ್ತು ಯಾವ ದನಿಯೂ ಬರಲಿಲ್ಲ.

ಭಾವ ರೇಣುಕಾಪ್ರಸಾದ್ ಗುಬ್ಬಿ ಸುತ್ತಮುತ್ತ ಪೆಟ್ರೋಲ್ ಗರಗಸದ ಮಿಷನ್ನಿನಲ್ಲಿ ಮರ ಕುಯ್ಯುವವನು. ಮಿಷನ್ನಿನ ಪೆಟ್ರೋಲಿಗೆ ಆಯಿಲ್ ಬೆರೆಸುವುದು ಮದುವೆಯಾದಾಗಿನಿಂದ ಅನುಪಮಾಳ ಕೆಲಸ. "ನಮ್ಮನೇವ್ರು ಬೆರೆಸಿದ್ರೆ ಮಿಷನ್ನು ಕೆಮ್ಮೋದೇ ಇಲ್ಲ" ಎಂದು ಭಾವ ಎಲ್ಲರ ಮುಂದೆ ಹೇಳುತ್ತಿದ್ದ. ನಿನ್ನೆ ಕುಣಿಗಲ್ ಕಡೆ ಹುಣಸೆಮರದ ಅರ್ಧಕ್ಕೆ ಬಂದು ಮಿಷನ್ನು ಜಾಮ್ ಆಯಿತು. ಆಯಿಲ್ ಕಮ್ಮಿಯಾದರೆ ಹಾಗಾಗುತ್ತದೆ. ಭಾವ ಬೈಯಲಿಲ್ಲ. "ಇನ್ಮೇಲೆ ಕ್ಯಾನ್ ಮುಟ್ಬೇಡ, ನಾನೇ ಬೆರೆಸ್ಕೋತೀನಿ" ಅಂದ, ಅಷ್ಟೇ.

ಮುಟ್ಟಬಾರದ್ದನ್ನು ಮುಟ್ಟಿದವನು ಮೌಳಿ.

"ಬಿ.ಕಾಂ ಅಂದ್ರೆ ಬರೀ ಕಾಮಿಡಿ ಕಣ್ಲಾ" ಎಂದು ಭಾವ ಬಿ.ಕಾಂ ಓದುವ ಅವನನ್ನು ರೇಗಿಸುತ್ತಿದ್ದ. ಮಿಷನ್ನಿಗೆ ಪವರ್ ಏರಿಸಿ ತೋರಿಸಬೇಕೆಂಬ ಹಟ ಮೌಳಿಗೆ ಅಲ್ಲೇ ಹುಟ್ಟಿದ್ದು. ಹೋದ ವಾರ ಭಾವ ಮನೆಯಲ್ಲಿಲ್ಲದಾಗ, ಮೊಬೈಲಿನಲ್ಲಿ ವಿಡಿಯೋ ಹಾಕಿಕೊಂಡು ಸೈಲೆನ್ಸರ್ ಬಿಚ್ಚಿದ. ಒಳಗಿನ ತಗಡು ಕಿತ್ತ. ಹೊಗೆ ಹೋಗುವ ಬಾಯನ್ನು ಡ್ರಿಲ್ಲಿನಿಂದ ಅಗಲ ಮಾಡಿ, ಮೇಲೆ ಜಾಲರಿ ಮುಚ್ಚಿದ. ಸೈಲೆನ್ಸರಿನಲ್ಲಿ ಸೈಲೆನ್ಸ್ ಉಳಿಯಲಿಲ್ಲ. ಹೊಗೆ ಸಲೀಸಾಗಿ ಹೋದರೆ ಪೆಟ್ರೋಲೂ ಹೆಚ್ಚು ಬರಬೇಕು, ಕಾರ್ಬೊರೇಟರಿನ ತಿರುಪು ಸಡಿಲಿಸಿ ಎಂದು ವಿಡಿಯೋದವನು ಹೇಳಿದ. ಸಡಿಲಿಸಿದರೆ ಮಿಷನ್ನು ನೆಗಡಿಯಾದವರ ಹಾಗೆ ಗೊರಗೊರ ಅಂದಿತು. ಮೌಳಿಯ ಕಿವಿಗೆ ಹಿಡಿಸಲಿಲ್ಲ. ತಿರುಪನ್ನು ಮೊದಲಿಗಿಂತ ಬಿಗಿ ಮಾಡಿದ. ಆಗ ಬಂತು, ಮಿಮಿಕ್ರಿಗೆ ಹೇಳಿ ಮಾಡಿಸಿದಂಥ ಚೀರುದನಿ. ಹಾಗೇ ಬಿಟ್ಟ.

ಮಾರನೇ ದಿನ ಭಾವ ಬಂದು, "ಸದ್ದು ಜೋರಾಗೈತೆ, ಆದ್ರೆ ಏನ್ ಬೆರೆಸಿದ್ಯೋ, ಮಿಷನ್ನು ಹಾರ್ತದೆ ಕಣೇ" ಎಂದಿದ್ದ. ಅಕ್ಕ ನಾಚಿ ನಕ್ಕಿದ್ದಳು. ಇನ್ನೂ ನಾಲ್ಕು ಮರ ಬೀಳಲಿ, ಆಮೇಲೆ ತನ್ನ ಹೆಸರು ಹೇಳಿಕೊಳ್ಳೋಣ ಎಂದು ಮೌಳಿ ಸುಮ್ಮನಿದ್ದ.

ಇವತ್ತು ಮಧ್ಯಾಹ್ನ ಮೌಳಿ ಭಾವನ ಜೊತೆ ಮಿಷನ್ನು ಹೊತ್ತುಕೊಂಡು ತುಮಕೂರಿಗೆ, ಮರಳೂರಿನ ರುದ್ರಯ್ಯನ ರಿಪೇರಿ ಅಂಗಡಿಗೆ ಹೋದ. ರುದ್ರಯ್ಯ ಸೈಲೆನ್ಸರ್ ಬಿಚ್ಚಿ, ಅದರ ಕಡೆ ನೋಡದೆ ಪಕ್ಕಕ್ಕಿಟ್ಟು, ಒಳಗೆ ಟಾರ್ಚ್ ಬಿಟ್ಟ.

"ಪಿಸ್ಟನ್ ಗೀರ್ಕೊಂಡೋಗಿದೆ. ಆಯಿಲ್ ಕಮ್ಮಿ ಬಿದ್ದಿರೋದು. ಯಾರು ಬೆರೆಸಿದ್ದು?"

"ನಮ್ಮನೇವ್ರು."

"ಹೆಂಗುಸ್ರು ಕೈಗೆ ಕೊಟ್ರೆ ಇನ್ನೇನಾಯ್ತದೆ."

ಭಾವ ತಲೆ ಬಗ್ಗಿಸಿದ. "ಪಾಪ ಬುಡಣ್ಣ, ಅವ್ಳಿಗೇನ್ ಗೊತ್ತು."

ಮೌಳಿ ಸುಮ್ಮನಿದ್ದರೆ ಸಾಕಿತ್ತು. ಮಾತು ಮುಗಿದೇ ಹೋಗಿತ್ತು. ಆದರೆ ಅವನ ಕಣ್ಣಲ್ಲಿ ಆ ನೀರಿನ ಲೋಟ ತುಂಬುತ್ತಲೇ ಇತ್ತು.

"ರುದ್ರಯ್ಯಣ್ಣ, ಒಂದ್ ಸದ್ದು ಕೇಳಿ."

ಮೊದಲಿನ ಮಿಷನ್ನಿನ ದಪ್ಪ ಗುರುಗುರು ಮಾಡಿದ. ಆಮೇಲೆ ಕುತ್ತಿಗೆಯ ನರ ಉಬ್ಬಿಸಿ ಹೋದ ವಾರದ ಚೀರು. ಪಕ್ಕದ ಟೀ ಅಂಗಡಿಯವರು ನಕ್ಕರು.

"ಇಲ್ಲೂ ಶುರು ಹಚ್ಕಂಡ್ಯೇನ್ಲಾ" ಎಂದ ಭಾವ.

ರುದ್ರಯ್ಯ ನಗಲಿಲ್ಲ. "ಎರಡ್ನೇದು ಇನ್ನೊಂದ್ಸಲ ಕೂಗಪ್ಪ." ಮೌಳಿ ಕೂಗಿದ. "ಹಂಗಾದ್ರೆ ನಾನ್ ಹೇಳಿದ್ದು ತಪ್ಪು. ಇದು ಪೆಟ್ರೋಲೇ ಸಾಲ್ದೆ, ಅದ್ರ ಜೊತೆ ಬರೋ ಆಯಿಲೂ ಸಾಲ್ದೆ ಒಣಗಿ ಓಡಿರೋದು. ಯಾರೋ ತಿರುಪು ಬಿಗಿ ಮಾಡವ್ರೆ."

"ನಾನೇ," ಎಂದ ಮೌಳಿ. "ಸೈಲೆನ್ಸರ್ ಕೊರ್ದಿದ್ದೂ ನಾನೇ ಭಾವ. ಅಕ್ಕಂದೇನೂ ಇಲ್ಲ."

ಭಾವ ಸೈಲೆನ್ಸರ್ ಎತ್ತಿಕೊಂಡು ಜಾಲರಿ ಸರಿಸಿದ. ಕೊರೆದ ಬಾಯಿಯ ಅಂಚಿನ ಮೇಲೆ ಬೆರಳಾಡಿಸಿದ. ಬೈಗುಳ ಬರುತ್ತದೆಂದು ಮೌಳಿ ಕಾದ.

"ಫೋನ್ ಮಾಡು ಅವ್ಳಿಗೆ," ಎಂದ ಭಾವ. "ನಿನ್ ದನೀಲೇ ಮಾತಾಡು."

ಅಕ್ಕ ಫೋನೆತ್ತಿದಳು. "ಇವತ್ತು ಯಾರ ದನಿನಪ್ಪ?"

"ನಂದೇ ಕಣಕ್ಕ," ಎಂದು ಮೌಳಿ ಎಲ್ಲ ಹೇಳಿದ. ಆ ಕಡೆ ಲೋಟವನ್ನು ಎಲ್ಲೋ ಇಟ್ಟ ಸದ್ದು ಕೇಳಿಸಿತು.

"ಹಂಗಾದ್ರೆ," ಎಂದಳು ಅಕ್ಕ, "ನಾನ್ ಹಾಕಿದ್ ಅಳತೆ ಸರೀಗೇ ಇತ್ತಾ?"